ಕಡಲು ದಾಟಿದ ವಾತ

ಮನುಷ್ಯನು ಒಂದು ದೇಶವನ್ನು ಬಿಟ್ಟು ಮತ್ತೊಂದು ದೇಶಕ್ಕೆ ಹೋಗುವಾಗ ತನ್ನ ದೇವರನ್ನೂ ಅಡಿಗೆಯನ್ನೂ ನುಡಿಯನ್ನೂ ಜೊತೆಯಲ್ಲಿ ಕೊಂಡೊಯ್ಯುವನೆಂಬುದು ಎಲ್ಲರೂ ಬಲ್ಲ ಸಂಗತಿ. ತನ್ನ ನೋವುಗಳ ಹೆಸರುಗಳನ್ನೂ ಕೊಂಡೊಯ್ಯುವನೆಂಬುದರ ಕಡೆಗೆ ಮಾತ್ರ ಚರಿತ್ರಕಾರರ ದೃಷ್ಟಿ ಅಷ್ಟಾಗಿ ಹರಿದಿಲ್ಲ. ಕನ್ನಡನಾಡಿನ ಯಾವ ಮನೆಯಲ್ಲಿಯಾದರೂ ವೃದ್ಧೆಯೊಬ್ಬಳು ಮಂಡಿಯ ಮೇಲೆ ಕೈಯೂರಿ ಏಳುತ್ತ ‘ವಾಯು ಹಿಡಿದಿದೆ’ ಎಂದರೆ, ಅದರ ಅರ್ಥವೇನೆಂದು ಯಾರೂ ಕೇಳುವುದಿಲ್ಲ. ಇದೇ ನೋವನ್ನು ಗುಜರಾತಿನವಳು ‘ವಾ’ ಎಂದೂ, ಬಂಗಾಳದವಳು ‘ಬಾತ್’ ಎಂದೂ ಕರೆಯುವಳು. ಪಂಜಾಬಿನವಳು ಗಂಟುಗಳ ನೋವನ್ನು ‘ಗಠಿಯಾ’ ಎನ್ನುವಳಾದರೂ, ಅದನ್ನು ಕೆರಳಿಸುವ ಪದಾರ್ಥಗಳಿಗೆ ‘ಬಾದೀ’ ಎಂದೇ ಹೆಸರಿಡುವಳು. ಪಾರಸಿ ಭಾಷೆಯಲ್ಲಿ ‘ಬಾದ್’ ಎಂದರೆ ಗಾಳಿ. ಹೀಗೆ ಭರತಖಂಡದ ಉದ್ದಗಲಕ್ಕೂ ಕೀಲುನೋವೆಂದರೆ ಗಾಳಿಯ ನೋವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮಾತು ಕಡಲು ದಾಟಿ ಲೆಸ್ಟರ್, ಬರ್ಮಿಂಗ್‌ಹ್ಯಾಮ್, ಬ್ರ್ಯಾಡ್‌ಫರ್ಡ್, ಗ್ಲಾಸ್ಗೋ ಮೊದಲಾದ ಪಟ್ಟಣಗಳ ವೈದ್ಯಶಾಲೆಗಳಲ್ಲಿ ಕೇಳಿಬರತೊಡಗಿತು. ಅಲ್ಲಿ ಅದನ್ನು ಆಡಿದ ಸ್ತ್ರೀಯರು ಯಾರು, ಕೇಳಿದ ವೈದ್ಯರು ಅದನ್ನು ಏನೆಂದು ತಿಳಿದರು, ಆ ತಿಳಿವಿನಲ್ಲಿ ಸರಿಯೆಷ್ಟು ತಪ್ಪೆಷ್ಟು ಎಂಬುದು ವಿಚಾರಾರ್ಹವಾದ ಒಂದು ಚರಿತ್ರೆ.

ಈ ಮಾತಿನ ಮೂಲ ಬಹು ಪುರಾತನವಾದುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತವ್ಯಾಧಿಗಳಿಗೆ ಮೀಸಲಾದ ಅಧ್ಯಾಯವೊಂದಿದೆ. ವಾತವು ಸಂಧಿಗಳನ್ನು ಸೇರಿದಾಗ ಕೀಲು ಊದಿ, ಮುಟ್ಟಿದರೆ ಗಾಳಿ ತುಂಬಿದ ತೊಗಲಚೀಲದಂತಿರುವುದೆಂದೂ, ಚಾಚುವಾಗಲೂ ಮಡಿಸುವಾಗಲೂ ನೋಯುವುದೆಂದೂ ಅಲ್ಲಿ ನಿರೂಪಿತವಾಗಿದೆ. ರೂಕ್ಷವೂ ಶೀತವೂ ಆದ ಆಹಾರ, ಅತಿಶ್ರಮ, ನಿದ್ರೆಗೇಡು, ಶೋಕ, ಭಯ ಇವು ವಾತವನ್ನು ಕೆರಳಿಸುವುವೆಂಬುದು ಆ ಶಾಸ್ತ್ರದ ಮತ. ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಆಮವಾತವನ್ನು ಪ್ರತ್ಯೇಕವಾದ ಒಂದು ರೋಗವೆಂದು ವಿವರಿಸಿದನು. ಪಾಶ್ಚಾತ್ಯರ ಹಳೆಯ ಕಲ್ಪನೆಯೂ ಇದಕ್ಕೆ ಬಹು ದೂರವಾದುದಲ್ಲ. ‘ರುಮ್ಯಾಟಿಸಮ್’ ಎಂಬ ಪದವು ‘ಹರಿಯುವಿಕೆ’ ಎಂಬರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದುದು. ಕೆಟ್ಟ ದ್ರವವೊಂದು ದೇಹದೊಳಗೆ ಹರಿದು ಕೀಲುಗಳಲ್ಲಿ ನಿಲ್ಲುವುದೆಂದು ಅವರು ನಂಬಿದ್ದರು. ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಕಣ್ಣಿಗೆ ಕಾಣದೆ ಒಳಗೆ ಸಂಚರಿಸುವ ವಸ್ತುವೊಂದು ನೋವಿಗೆ ಕಾರಣವೆಂಬ ಭಾವನೆ ಎರಡು ಕಡೆಯೂ ಒಂದೇ ಆಗಿತ್ತು.

ಪಾಶ್ಚಾತ್ಯ ವೈದ್ಯಚರಿತ್ರೆಯ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಯುರೋಪಿನ ವೈದ್ಯರು ಶತಮಾನಗಳ ಕಾಲ ಕೀಲುಗಳ ರೋಗವೆಂದರೆ ‘ಗೌಟ್’ ಎಂದೇ ಎಣಿಸುತ್ತಿದ್ದರು. ಅದು ಮಾಂಸ ಮದ್ಯಗಳಲ್ಲಿ ಬೆಳೆದ ಶ್ರೀಮಂತ ಪುರುಷರ ವ್ಯಾಧಿಯೆಂದು ಹೆಸರಾಗಿದ್ದಿತು. ೧೮೦೦ನೆಯ ಇಸವಿಯಲ್ಲಿ ಪ್ಯಾರಿಸ್ ನಗರದ ಸಾಲ್ಪೆತ್ರಿಯೇರ್ ಎಂಬ ಆಸ್ಪತ್ರೆಯಲ್ಲಿ, ಎಂದರೆ ನಿರ್ಗತಿಕ ಸ್ತ್ರೀಯರ ಆಶ್ರಯಸ್ಥಾನದಲ್ಲಿ, ಲಾಂಡ್ರೆ-ಬೋವೆ ಎಂಬ ತರುಣ ವೈದ್ಯನು ಕೀಲುಗಳು ಸೊಟ್ಟಗಾದ ಒಂಬತ್ತು ಮಂದಿ ಹೆಂಗಸರನ್ನು ಪರೀಕ್ಷಿಸಿ, ಇದು ಗೌಟಿಗಿಂತ ಭಿನ್ನವಾದ ಬೇರೊಂದು ರೋಗವೆಂದು ಬರೆದನು. ಇದು ಪುರುಷರಿಗಿಂತ ಸ್ತ್ರೀಯರಿಗೆ, ಸಿರಿವಂತರಿಗಿಂತ ಬಡವರಿಗೆ ಹೆಚ್ಚಾಗಿ ಬರುವುದೆಂದೂ, ಹಣವಂತರ ಚಿಕಿತ್ಸೆಯಲ್ಲಿ ಮಗ್ನರಾದ ವೈದ್ಯರು ಆದುದರಿಂದಲೇ ಇದನ್ನು ಗುರುತಿಸಲಿಲ್ಲವೆಂದೂ ಆತನ ಅಭಿಪ್ರಾಯ. ೧೮೫೯ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡ್ ಎಂಬವನು ಇದಕ್ಕೆ ‘ರುಮ್ಯಾಟಾಯ್ಡ್ ಆರ್ಥ್ರೈಟಿಸ್’ ಎಂದು ನಾಮಕರಣ ಮಾಡಿದನು. ರೋಗವು ಅದಕ್ಕೆ ಮೊದಲೂ ಇದ್ದಿತು. ಅದನ್ನು ಅನುಭವಿಸುತ್ತಿದ್ದವರು ಬಡ ಹೆಂಗಸರಾದುದರಿಂದ ಅದಕ್ಕೆ ಹೆಸರು ದೊರೆಯುವುದು ತಡವಾಯಿತು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಬ್ರಿಟನ್ನಿಗೆ ಹೋದ ಭರತಖಂಡದ ಸ್ತ್ರೀಯರ ವಿಷಯದಲ್ಲಿ ಇದೇ ತೆರನಾದ ಕಥೆ ಇನ್ನೊಮ್ಮೆ ನಡೆಯಿತು.

ಎರಡನೆಯ ಮಹಾಯುದ್ಧವು ಮುಗಿದ ಬಳಿಕ ಬ್ರಿಟನ್ನಿನ ಕಾರ್ಖಾನೆಗಳಿಗೆ ಆಳುಗಳ ಅಭಾವವುಂಟಾಯಿತು. ೧೯೪೮ರ ಪೌರತ್ವ ಶಾಸನವು ಕಾಮನ್‌ವೆಲ್ತ್ ರಾಷ್ಟ್ರಗಳ ಪ್ರಜೆಗಳಿಗೆ ಆ ದೇಶದ ಬಾಗಿಲನ್ನು ತೆರೆದಿಟ್ಟಿತ್ತು. ಜಾಲಂಧರ, ಹೋಶಿಯಾರ್‌ಪುರಗಳ ಸಿಖ್ಖರು, ಮೀರ್‌ಪುರದ ರೈತರು, ಹಡಗುಗಳಲ್ಲಿ ದುಡಿಯುತ್ತಿದ್ದ ಸಿಲ್ಹಟ್ಟಿನ ಖಲಾಸಿಗಳು ಒಬ್ಬರ ಬೆನ್ನಿಗೊಬ್ಬರಂತೆ ಹೋಗಿ ನೆಲೆಸಿದರು. ಮೊದಲು ಹೋದವರೆಲ್ಲರೂ ಬಹುಮಟ್ಟಿಗೆ ಗಂಡಸರೇ. ಕೆಲವು ವರ್ಷ ದುಡಿದು, ಹಣ ಕೂಡಿಸಿ, ಊರಿಗೆ ಮರಳುವೆವೆಂಬುದು ಅವರ ಸಂಕಲ್ಪವಾಗಿತ್ತು. ಆದರೆ ೧೯೬೨ರ ಜುಲೈ ತಿಂಗಳಿನಿಂದ ಜಾರಿಗೆ ಬಂದ ವಲಸೆಯ ಶಾಸನವು ಹೋಗಿ ಬರುವ ಸ್ವಾತಂತ್ರ್ಯವನ್ನು ಮೊಟಕುಮಾಡಿತು. ಬಾಗಿಲು ಪೂರ್ಣವಾಗಿ ಮುಚ್ಚುವುದೆಂಬ ಭಯದಿಂದ ಅವರು ಹೆಂಡಿರು ಮಕ್ಕಳನ್ನು ಕರೆಸಿಕೊಂಡರು. ಮೀರ್‌ಪುರದ ಬಳಿ ಝೇಲಂ ನದಿಗೆ ಕಟ್ಟಿದ ಮಂಗಲಾ ಅಣೆಕಟ್ಟು ೧೯೬೭ರಲ್ಲಿ ಮುಗಿಯುವ ವೇಳೆಗೆ ಲಕ್ಷಕ್ಕೂ ಮೀರಿದ ಜನರ ಊರು ಹೊಲಗಳು ನೀರಿನ ಪಾಲಾಗಿದ್ದುವು. ಅವರಲ್ಲಿಯೂ ಅನೇಕರು ಇದೇ ದಾರಿ ಹಿಡಿದರು. ೧೯೭೨ರ ಆಗಸ್ಟಿನಲ್ಲಿ ಯುಗಾಂಡಾದ ಇದಿ ಅಮೀನನು ಅಲ್ಲಿಯ ಏಷ್ಯದವರಿಗೆ ತೊಂಬತ್ತು ದಿನಗಳ ಗಡುವನ್ನು ಕೊಟ್ಟು ಹೊರಡಿಸಿದಾಗ ಸುಮಾರು ೨೮,೦೦೦ ಮಂದಿ ಬ್ರಿಟನ್ನನ್ನು ಸೇರಿದರು. ಅವರಲ್ಲಿ ಬಹುಮಂದಿ ಗುಜರಾತಿಗಳು. ಲೆಸ್ಟರ್ ಪಟ್ಟಣದ ಪೌರಸಭೆಯು ತನ್ನಲ್ಲಿಗೆ ಬರಬೇಡಿರೆಂದು ಯುಗಾಂಡಾದ ಪತ್ರಿಕೆಯಲ್ಲಿ ಪ್ರಕಟಣೆಯನ್ನೇ ಕೊಟ್ಟಿತು. ಆದರೂ ಸಾವಿರಾರು ಮಂದಿ ಅಲ್ಲಿಗೇ ಹೋದರು. ಈ ಗುಜರಾತಿ ಸ್ತ್ರೀಯರಲ್ಲಿ ಅನೇಕರು ಒಂದು ಜನ್ಮದಲ್ಲಿ ಎರಡು ಸಲ ಮನೆ ಬಿಟ್ಟವರು.

ಈ ಹೆಂಗಸರು ಅಲ್ಲಿಗೆ ಹೋಗಿ ಸುಮ್ಮನೆ ಕುಳಿತವರಲ್ಲ. ಸೌತಾಲಿನ ಪಂಜಾಬಿ ಸ್ತ್ರೀಯರು ಹೀತ್ರೋ ವಿಮಾನನಿಲ್ದಾಣದ ಅಡಿಗೆಮನೆಗಳಲ್ಲಿಯೂ ಕಸಗುಡಿಸುವ ಕೆಲಸದಲ್ಲಿಯೂ ಹಗಲಿರುಳು ನಿಂತರು. ಲೆಸ್ಟರಿನವರು ನೂಲಿನ, ಹೊಸಿಯರಿಯ ಕಾರ್ಖಾನೆಗಳಲ್ಲಿ ಯಂತ್ರಗಳ ಮುಂದೆ ಬಾಗಿದರು. ಪೂರ್ವ ಲಂಡನ್ನಿನ ಬಂಗಾಳಿ ಸ್ತ್ರೀಯರೂ ಬರ್ಮಿಂಗ್‌ಹ್ಯಾಮಿನ ಪಾಕಿಸ್ತಾನಿ ಸ್ತ್ರೀಯರೂ ಮನೆಯ ಮೂಲೆಯಲ್ಲಿ ಹೊಲಿಗೆಯಂತ್ರವನ್ನಿಟ್ಟುಕೊಂಡು ತುಂಡಿಗಿಷ್ಟೆಂದು ಕೂಲಿ ಪಡೆದು ಬಟ್ಟೆ ಹೊಲಿದರು. ಉತ್ತರ ಲಂಡನ್ನಿನ ಗ್ರನ್‌ವಿಕ್ ಎಂಬ ಛಾಯಾಚಿತ್ರ ಸಂಸ್ಕರಣದ ಕಾರ್ಖಾನೆಯಲ್ಲಿ ಜಯಾಬೆನ್ ದೇಸಾಯಿಯವರ ಮುಂದಾಳುತನದಲ್ಲಿ ೧೯೭೬ರಿಂದ ೧೯೭೮ರ ವರೆಗೆ ನಡೆದ ಮುಷ್ಕರವು ಪ್ರಸಿದ್ಧವಾದುದು. ಸೀರೆಯುಟ್ಟ ಹೆಂಗಸರು ಎರಡು ಚಳಿಗಾಲಗಳನ್ನು ಕಾರ್ಖಾನೆಯ ಬಾಗಿಲಲ್ಲಿ ನಿಂತು ಕಳೆದುದನ್ನು ಆ ದೇಶವು ಮೊದಲ ಸಲ ಕಂಡಿತು. ಕಾರ್ಖಾನೆಯಿಂದ ಮನೆಗೆ ಬಂದ ಮೇಲೆ ಹಿಟ್ಟು ನಾದುವುದು, ರೊಟ್ಟಿ ತಟ್ಟುವುದು, ಮಕ್ಕಳನ್ನೂ ವೃದ್ಧರನ್ನೂ ನೋಡುವುದು ಇವೆಲ್ಲವೂ ಅವರ ಪಾಲಿಗೇ ಇದ್ದುವು. ಮುಂದೆ ನೋಯುವ ಮಂಡಿಗಳ, ಬೆರಳುಗಳ, ಸೊಂಟಗಳ ಪೂರ್ವಚರಿತ್ರೆಯು ಇಲ್ಲಿದೆ.

ಇಂತಹ ಸ್ತ್ರೀಯರು ವೈದ್ಯರ ಬಳಿಗೆ ಹೋದಾಗ ಹೇಳುತ್ತಿದ್ದುದು ಬಹುಮಟ್ಟಿಗೆ ಒಂದೇ ಮಾತು: ‘ಮೈಯೆಲ್ಲ ನೋವು.’ ಇಂಗ್ಲಿಷ್ ಬಾರದವರಾದುದರಿಂದ ಎಷ್ಟೋ ಸಲ ಶಾಲೆಗೆ ಹೋಗುವ ಮಗನೋ ಮಗಳೋ ದುಭಾಷಿಯಾಗಬೇಕಾಗುತ್ತಿತ್ತು. ಯಾವ ಕೀಲು, ಯಾವ ಹೊತ್ತು, ಎಂತಹ ನೋವು ಎಂಬ ವಿವರಗಳು ಆ ಎಳೆಯರ ಬಾಯಲ್ಲಿ ಕರಗಿಹೋಗುತ್ತಿದ್ದುವು. ಕೆಲವು ನೋವುಗಳನ್ನು ಮಗನ ಎದುರಿನಲ್ಲಿ ತಾಯಿ ಹೇಳುವಂತೆಯೂ ಇರಲಿಲ್ಲ. ವೈದ್ಯನಿಗೆ ಪ್ರತಿರೋಗಿಗೂ ದೊರೆಯುವ ಕಾಲ ಕೆಲವೇ ನಿಮಿಷಗಳು. ಬೆರಳಿಟ್ಟು ತೋರಿಸಲಾಗದ ನೋವಿಗೆ ಪಾಶ್ಚಾತ್ಯ ಶಾಸ್ತ್ರದಲ್ಲಿ ಸುಲಭವಾದ ಸ್ಥಾನವಿರಲಿಲ್ಲವಾದುದರಿಂದ ಅನೇಕರು ಇದು ದೇಹದ ನೋವಲ್ಲ, ಮನಸ್ಸಿನ ಕೊರಗೇ ದೇಹದ ಮಾತಿನಲ್ಲಿ ಹೊರಬೀಳುತ್ತಿದೆ ಎಂದು ತೀರ್ಮಾನಿಸಿದರು. ಕೆಲವರು ತಮ್ಮತಮ್ಮೊಳಗೆ ಇದಕ್ಕೆ ‘ಬೇಗಂ ವ್ಯಾಧಿ’, ‘ಶ್ರೀಮತಿ ಬೀಬಿಯ ಬೇನೆ’ ಎಂಬಂತಹ ಹಾಸ್ಯದ ಹೆಸರುಗಳನ್ನೂ ಇಟ್ಟರು. ಹೆಸರಿಟ್ಟೊಡನೆ ಪರೀಕ್ಷೆ ಮುಗಿದಂತಾಗುವುದು ಮನುಷ್ಯಸ್ವಭಾವ.

ಆದರೆ ಎಲ್ಲರೂ ಹಾಗೆ ಸುಮ್ಮನಾಗಲಿಲ್ಲ. ೧೯೬೨ರಲ್ಲಿ ಗ್ಲಾಸ್ಗೋ ಪಟ್ಟಣದ ವೈದ್ಯ ಡನಿಗನ್ ಮತ್ತು ಆತನ ಸಂಗಡಿಗರು ಸ್ಕಾಟ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಆ ಪಟ್ಟಣದ ಪಾಕಿಸ್ತಾನಿ ಕುಟುಂಬಗಳಲ್ಲಿ ಮಕ್ಕಳಿಗೆ ‘ರಿಕೆಟ್ಸ್’ ಎಂಬ ರೋಗವೂ, ದೊಡ್ಡವರಿಗೆ ‘ಆಸ್ಟಿಯೋಮಲೇಶಿಯಾ’ ಎಂಬ ಮೂಳೆ ಮೆತ್ತಗಾಗುವ ರೋಗವೂ ಇರುವುದನ್ನು ಅವರು ಕಂಡಿದ್ದರು. ಈ ಎರಡನೆಯ ರೋಗದ ಲಕ್ಷಣಗಳೇನು? ಸೊಂಟ, ಪಕ್ಕೆ, ತೊಡೆಗಳಲ್ಲಿ ಇಂತಹ ಕಡೆಯೆಂದು ಹೇಳಲಾಗದ ಮಂದವಾದ ನೋವು. ಕುಳಿತಲ್ಲಿಂದ ಏಳಲಾರದಂತೆಯೂ ಮೆಟ್ಟಲು ಹತ್ತಲಾರದಂತೆಯೂ ತೊಡೆಯ ಸ್ನಾಯುಗಳ ದುರ್ಬಲತೆ. ಬಾತುಕೋಳಿಯಂತೆ ಓಲಾಡುವ ನಡಿಗೆ. ಎಕ್ಸ್-ಕಿರಣದ ಚಿತ್ರದಲ್ಲಿ ಮೂಳೆಗೆ ಅಡ್ಡಲಾಗಿ ಬಿರುಕಿನಂತಹ ಪಟ್ಟಿಗಳು ಕೆಲವೊಮ್ಮೆ ಕಾಣಿಸುವುವು. ಇದನ್ನು ಸಂಧಿವಾತವೆಂದೋ ಮನೋವ್ಯಥೆಯೆಂದೋ ತಿಳಿಯುವುದು ಸುಲಭ. ‘ಮೈಯೆಲ್ಲ ನೋವು’ ಎಂಬ ಮಾತು ಇಂತಹವರ ಬಾಯಲ್ಲಿ ರೋಗದ ಯಥಾರ್ಥವಾದ ವರ್ಣನೆಯೇ ಆಗಿತ್ತು. ಸರಿಯಾದ ಔಷಧ ಕೊಟ್ಟರೆ ಕೆಲವೇ ತಿಂಗಳುಗಳಲ್ಲಿ ವರ್ಷಗಳ ನೋವು ಇಳಿಯುವುದೂ ಕಂಡುಬಂದಿತು.

ಇದರ ಕಾರಣವು ಬಿಸಿಲಿನ ಅಭಾವ. ಸೂರ್ಯನ ನೀಲಲೋಹಿತಾತೀತ ಕಿರಣಗಳು ಚರ್ಮದ ಮೇಲೆ ಬಿದ್ದಾಗ ‘ವಿಟಮಿನ್ ಡಿ’ ಎಂಬ ಜೀವಸತ್ವವು ದೇಹದಲ್ಲಿಯೇ ಉತ್ಪನ್ನವಾಗುವುದು. ಅದಿಲ್ಲದೆ ಆಹಾರದ ಸುಣ್ಣದ ಅಂಶವು ಮೂಳೆಯನ್ನು ಸೇರಲಾರದು. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ೧೩ ಡಿಗ್ರಿಯ ಬಳಿ ಇದ್ದರೆ, ಗ್ಲಾಸ್ಗೋ ಇರುವುದು ಸುಮಾರು ೫೬ ಡಿಗ್ರಿಯ ಬಳಿ. ಅಲ್ಲಿ ಅಕ್ಟೋಬರಿನಿಂದ ಮಾರ್ಚಿಯ ಆರಂಭದ ವರೆಗೆ ಸೂರ್ಯನು ಆಕಾಶದಲ್ಲಿ ಬಹಳ ಕೆಳಗಿರುವುದರಿಂದ ಬೇಕಾದ ಕಿರಣಗಳು ನೆಲವನ್ನು ಮುಟ್ಟುವುದೇ ಇಲ್ಲ. ಕಪ್ಪು ಚರ್ಮಕ್ಕೆ ಬಿಳಿಯ ಚರ್ಮಕ್ಕಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕು. ಮೈತುಂಬ ಬಟ್ಟೆಯುಟ್ಟು, ಮನೆಯಲ್ಲಿಯೋ ಕಾರ್ಖಾನೆಯಲ್ಲಿಯೋ ದಿನ ಕಳೆಯುವವರಿಗೆ ಬೇಸಗೆಯ ಬಿಸಿಲೂ ದುರ್ಲಭ. ಮೇಲಿಂದ ಮೇಲೆ ಬಸಿರಾಗಿ ಮಕ್ಕಳಿಗೆ ಮೊಲೆಯೂಡಿದ ತಾಯಿಯ ಮೂಳೆಯಿಂದ ಸುಣ್ಣದ ಅಂಶವು ಇನ್ನಷ್ಟು ಕರಗುವುದು. ವಿಚಿತ್ರವೇನೆಂದರೆ ಇದು ಭರತಖಂಡಕ್ಕೆ ಹೊಸ ಸಂಗತಿಯಾಗಿರಲಿಲ್ಲ. ೧೯೨೨ರಲ್ಲಿಯೇ ಹಚಿಸನ್ ಮತ್ತು ಷಾ ಎಂಬ ವೈದ್ಯರು ಮುಂಬಯಿ ಆಧಿಪತ್ಯದ ನಾಸಿಕದಲ್ಲಿ ಪರಿಶೀಲಿಸಿ, ಒಳ್ಳೆಯ ಊಟವುಳ್ಳ ಸಿರಿವಂತ ಮನೆಗಳ ಗೋಷಾದ ಕತ್ತಲೆಯಲ್ಲಿ ಈ ರೋಗವಿರುವುದೆಂದೂ, ಅರೆಹೊಟ್ಟೆಯಾದರೂ ಹೊಲದಲ್ಲಿ ದುಡಿಯುವ ಬಡವರಲ್ಲಿ ಇಲ್ಲವೆಂದೂ ತೋರಿಸಿದ್ದರು. ಹೀಗೆ ಬಿಸಿಲ ನಾಡಿನಲ್ಲಿ ಸಿರಿವಂತರ ಮನೆಯ ರೋಗವಾಗಿದ್ದುದು ಮಂಜಿನ ನಾಡಿನಲ್ಲಿ ಬಡವರ ಮನೆಯ ರೋಗವಾಯಿತು.

ಮುಂದೆ ನಡೆದ ಚರ್ಚೆಯೂ ಬೋಧಪ್ರದವಾದುದು. ಕೆಲವರು ದೋಷವನ್ನು ರೊಟ್ಟಿಯ ಮೇಲೆ ಹೊರಿಸಿದರು. ಗೋಧಿಯ ತೌಡಿನಲ್ಲಿರುವ ಫೈಟಿಕ್ ಆಮ್ಲವು ಸುಣ್ಣದ ಅಂಶವನ್ನು ಹಿಡಿದುಕೊಂಡು ದೇಹಕ್ಕೆ ದಕ್ಕದಂತೆ ಮಾಡುವುದೆಂಬುದು ಅವರ ವಾದ. ೧೯೭೨ರಲ್ಲಿ ಕೆಲವು ರೋಗಿಗಳಿಗೆ ಚಪಾತಿಯನ್ನು ಬಿಡಿಸಿ ಪ್ರಯೋಗವನ್ನೂ ಮಾಡಿದರು. ಹಾಗಾದರೆ ಚಪಾತಿಯ ಹಿಟ್ಟಿಗೇ ವಿಟಮಿನ್ ಡಿಯನ್ನು ಬೆರೆಸಬಾರದೇಕೆ ಎಂದು ಬೇರೆ ಕೆಲವರು ಕೇಳಿದರು. ೧೯೭೬ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಇದರಿಂದ ಗುಣವುಂಟೆಂದು ತೋರಿಸಿತು. ಬ್ರಿಟಿಷ್ ಸರಕಾರದ ತಜ್ಞರ ಸಮಿತಿಯು ೧೯೮೦ರಲ್ಲಿ ಈ ಸೂಚನೆಯನ್ನು ಒಪ್ಪಲಿಲ್ಲ. ಅವರ ಅಂಜಿಕೆಗೂ ಆಧಾರವಿಲ್ಲದಿರಲಿಲ್ಲ. ೧೯೫೦ರ ದಶಕದಲ್ಲಿ ಶಿಶುಗಳ ಆಹಾರಕ್ಕೆ ಈ ಸತ್ವವನ್ನು ಅತಿಯಾಗಿ ಬೆರೆಸಿದುದರಿಂದ ಕೆಲವು ಶಿಶುಗಳ ರಕ್ತದಲ್ಲಿ ಸುಣ್ಣದ ಅಂಶವು ಹೆಚ್ಚಿ ಅಪಾಯವಾಗಿತ್ತೆಂಬ ನೆನಪು ಇನ್ನೂ ಹಸಿಯಾಗಿದ್ದಿತು. ೧೯೮೧ರಲ್ಲಿ ಸರಕಾರವು ಏಷ್ಯದ ಕುಟುಂಬಗಳನ್ನು ಕುರಿತು ರಿಕೆಟ್ಸ್ ನಿವಾರಣೆಯ ಪ್ರಚಾರವನ್ನು ಕೈಕೊಂಡಿತು. ಆಹಾರವನ್ನು ಬದಲಿಸಿರಿ, ಹೊರಗೆ ಬಿಸಿಲಿಗೆ ಬನ್ನಿರಿ ಎಂಬುದು ಅದರ ಉಪದೇಶಗಳಲ್ಲಿ ಮುಖ್ಯವಾದುದು. ವಿಮರ್ಶಕರು ಒಂದು ಪ್ರಶ್ನೆಯನ್ನೆತ್ತಿದರು: ಆಂಗ್ಲರ ಮಕ್ಕಳಿಗೆ ಈ ರೋಗವಿದ್ದ ಕಾಲದಲ್ಲಿ, ಯುದ್ಧದ ದಿನಗಳಲ್ಲಿ, ಅವರ ನಡೆನುಡಿಗಳನ್ನು ತಿದ್ದಲು ಹೋಗದೆ ಅವರು ತಿನ್ನುತ್ತಿದ್ದ ಮಾರ್ಗರೀನಿಗೆ ಸತ್ವವನ್ನು ಬೆರೆಸಿದರಲ್ಲವೆ? ಅದೇ ನ್ಯಾಯವು ಚಪಾತಿಗೇಕಿಲ್ಲ? ಈ ನಡುವೆ ಗ್ಲಾಸ್ಗೋ ಪಟ್ಟಣದವರು ಮನೆಮನೆಗೆ ಸತ್ವದ ಹನಿಗಳನ್ನು ಉಚಿತವಾಗಿ ಹಂಚಿ ಮಕ್ಕಳ ರೋಗವನ್ನು ಬಹಳ ಮಟ್ಟಿಗೆ ಇಳಿಸಿದರು.

ಇಷ್ಟರಿಂದ ಆ ಸ್ತ್ರೀಯರ ನೋವೆಲ್ಲವೂ ಬಿಸಿಲಿನ ಕೊರತೆಯೇ ಎಂದು ತಿಳಿಯುವುದು ಇನ್ನೊಂದು ತಪ್ಪಾದೀತು. ತಾರುಣ್ಯದಲ್ಲಿ ಹೋದವರು ಮುದುಕರಾಗುತ್ತ ಬಂದಂತೆ ಕೀಲುಗಳ ಮೃದ್ವಸ್ಥಿ ಸವೆಯುವ ‘ಆಸ್ಟಿಯೋ ಆರ್ಥ್ರೈಟಿಸ್’ ಕಾಣಿಸಿಕೊಂಡಿತು. ಮಂಡಿಯೂರಿ ನೆಲ ತೊಳೆದವರಿಗೂ, ಭಾರ ಎತ್ತಿದವರಿಗೂ, ಮೈ ಬೆಳೆದವರಿಗೂ ಅದು ಬೇಗ ಬರುವುದು. ಕೆಲವರಿಗೆ ಲಾಂಡ್ರೆ-ಬೋವೆಯು ಕಂಡ ರುಮ್ಯಾಟಾಯ್ಡ್ ರೋಗವೇ ಇದ್ದಿತು. ಮ್ಯಾಂಚೆಸ್ಟರ್ ಪ್ರಾಂತದಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ವಲಸೆ ಬಂದ ಜನಾಂಗಗಳವರ ನೋವು ಬಿಳಿಯರದಕ್ಕಿಂತ ದೇಹದ ಹೆಚ್ಚು ಭಾಗಗಳಿಗೆ ಹರಡಿರುವುದೆಂದು ಕಂಡಿತು. ಅದಕ್ಕೆ ಮೂಳೆಯೂ ದುಡಿಮೆಯೂ ದುಃಖವೂ ಎಷ್ಟೆಷ್ಟು ಕಾರಣವೆಂಬುದನ್ನು ಬೇರ್ಪಡಿಸುವುದು ಕಷ್ಟ.

ಈ ಸ್ತ್ರೀಯರು ತಮ್ಮ ನೋವಿಗೆ ಕೊಡುವ ಕಾರಣಗಳನ್ನು ಕೇಳಿದರೆ ಹಳೆಯ ಶಾಸ್ತ್ರದ ಪಟ್ಟಿಯೇ ಎದುರಿಗೆ ಬಂದಂತಾಗುವುದು. ಈ ದೇಶದ ಶೀತ ಮೂಳೆಯನ್ನು ಹೊಕ್ಕಿದೆ. ಬಾಣಂತನದಲ್ಲಿ ಎರೆಯುವವರಿಲ್ಲದೆ, ಖಾರ ಕಷಾಯಗಳಿಲ್ಲದೆ, ಬೇಗನೆ ಎದ್ದು ತಣ್ಣೀರಿನಲ್ಲಿ ಕೈಯಿಟ್ಟುದು ಈಗ ತೋರುತ್ತಿದೆ. ವರ್ಷಗಟ್ಟಲೆ ನಿಂತು ದುಡಿದ ಫಲ. ಊರನ್ನೂ ತಾಯಿಯನ್ನೂ ಬಿಟ್ಟು ಬಂದ ಕೊರಗು. ಶೀತ, ಶ್ರಮ, ಶೋಕ ಈ ಮೂರೂ ಚರಕನ ಕಾರಣಗಳೇ. ಮನಸ್ಸಿನ ನೋವು ಬೇರೆ, ದೇಹದ ನೋವು ಬೇರೆ ಎಂಬ ಭೇದವನ್ನು ಅವರು ಎಣಿಸುವುದಿಲ್ಲ. ಶೀತದ ವಿಷಯದಲ್ಲಿ ಆಂಗ್ಲರ ಅಜ್ಜಿಯರ ನಂಬಿಕೆಯೂ ಅದೇ. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದವರು ೨,೬೫೮ ಮಂದಿ ರೋಗಿಗಳ ದಿನದಿನದ ನೋವನ್ನು ಹವೆಯೊಡನೆ ಹೋಲಿಸಿ ೨೦೧೯ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ತೇವವೂ ಗಾಳಿಯೂ ಹೆಚ್ಚಿ ವಾಯುಭಾರವು ಕುಸಿದ ದಿನಗಳಲ್ಲಿ ನೋವು ಸ್ವಲ್ಪಮಟ್ಟಿಗೆ ಹೆಚ್ಚುವುದೆಂದು ಕಂಡುಬಂದಿತು. ಪರಿಣಾಮವು ಅಲ್ಪವೇ ಆದರೂ ಮಾತು ಸುಳ್ಳಲ್ಲವೆಂದಾಯಿತು.

ಅವರು ನೋವಿನೊಡನೆ ಬಾಳುವ ಬಗೆಯೂ ಗಮನಾರ್ಹವಾದುದು. ಸಾಸಿವೆಯೆಣ್ಣೆಯನ್ನು ಬೆಳ್ಳುಳ್ಳಿಯೊಡನೆ ಕಾಯಿಸಿ ತಿಕ್ಕುವರು; ಅರಿಸಿನದ ಹಾಲು, ಮೆಂತ್ಯ, ಓಮ, ಶುಂಠಿಗಳನ್ನು ಬಳಸುವರು; ಚಳಿಗಾಲಕ್ಕೆ ತುಪ್ಪ, ಅಂಟು, ಬಾದಾಮಿಗಳ ಉಂಡೆಯನ್ನು ಕಟ್ಟುವರು; ಅನ್ನ, ಮೊಸರು, ಹೂಕೋಸುಗಳಂತಹ ‘ಬಾದೀ’ ಪದಾರ್ಥಗಳನ್ನು ಬಿಡುವರು. ಆಂಗ್ಲದೇಶದ ಸಣ್ಣ ಮನೆಗಳಲ್ಲಿ ಮಲಗುವ ಕೋಣೆಯೂ ಸ್ನಾನದ ಕೋಣೆಯೂ ಬಹುಶಃ ಮಹಡಿಯ ಮೇಲೆ ಇರುವುದರಿಂದ, ದಿನಕ್ಕೆ ಎಷ್ಟು ಸಲ ಮೆಟ್ಟಲೇರಬೇಕೆಂಬ ಲೆಕ್ಕದ ಮೇಲೆ ಅವರ ದಿನಚರಿ ನಡೆಯುವುದು. ಅನುಕೂಲವುಳ್ಳವರು ಚಳಿಗಾಲಕ್ಕೆ ಪಂಜಾಬಿಗೋ ಗುಜರಾತಿಗೋ ಹೋಗಿ ಎರಡು ಮೂರು ತಿಂಗಳು ಅಂಗಳದ ಬಿಸಿಲಿನಲ್ಲಿ ಕುಳಿತು ಹಿಂದಿರುಗುವರು. ಅಲ್ಲಿ ನೋವು ಇಳಿಯಿತೆಂದು ಅವರು ಹೇಳುವ ಮಾತನ್ನು ತವರಿನ ಮೋಹವೆಂದು ನಗುವ ಕಾಲ ೧೯೬೨ಕ್ಕೇ ಮುಗಿಯಬೇಕಾಗಿತ್ತು.

ನೋವಿಗಿಂತ ಹೆಚ್ಚಾಗಿ ಅವರನ್ನು ಬಾಧಿಸುವುದು ನೋವಿನಿಂದ ಕೈಬಿಟ್ಟುಹೋಗುವ ಕೆಲಸಗಳು. ಗುರುದ್ವಾರದಲ್ಲಿ ಎಲ್ಲರೊಡನೆ ನೆಲದ ಮೇಲೆ ಕುಳಿತುಕೊಳ್ಳಲಾಗದೆ ಗೋಡೆಯ ಬದಿಯ ಕುರ್ಚಿಗೆ ಸರಿಯುವುದು ಸಣ್ಣ ಸಂಗತಿಯಲ್ಲ. ನಮಾಜಿನಲ್ಲಿ ರೋಗಿಗೆ ಕುರ್ಚಿಯ ಅನುಮತಿ ಇರುವುದಾದರೂ, ಹಣೆಯನ್ನು ನೆಲಕ್ಕೆ ಮುಟ್ಟಿಸಲಾಗಲಿಲ್ಲವೆಂಬ ಕೊರಗು ಉಳಿಯುವುದು. ಜಾನ್ ಚಾರ್ನ್ಲಿಯು ಲಂಕಷೈರಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಸೊಂಟದ ಕೃತಕ ಕೀಲನ್ನು ಸಫಲಗೊಳಿಸಿದುದೂ ೧೯೬೨ರಲ್ಲಿಯೇ. ಮಂಡಿಯ ಕೃತಕ ಕೀಲು ಮುಂದಿನ ದಶಕದಲ್ಲಿ ಬಳಕೆಗೆ ಬಂದಿತು. ಅದು ಅನೇಕರಿಗೆ ವರವಾಯಿತು. ಆದರೆ ಅಂತಹ ಮಂಡಿಯು ಸಾಮಾನ್ಯವಾಗಿ ೧೧೦ರಿಂದ ೧೨೦ ಡಿಗ್ರಿಯಷ್ಟು ಮಡಿಯುವುದು. ಕುರ್ಚಿಯ ಬಾಳಿಗೆ ಅದು ಧಾರಾಳವಾಗಿ ಸಾಕು. ಚಕ್ಕಳಮಕ್ಕಳ ಹಾಕುವುದಕ್ಕೂ ಮಂಡಿಯೂರುವುದಕ್ಕೂ ಸಾಲದು. ಶಸ್ತ್ರಚಿಕಿ­ತ್ಸೆಗೆ ಒಪ್ಪದ ಮುದುಕಿಯನ್ನು ಅಂಜುಬುರುಕಿಯೆಂದು ತಿಳಿದ ವೈದ್ಯನಿಗೆ, ಆಕೆ ಪ್ರಾರ್ಥನೆಯ ಭಂಗಿಯನ್ನು ಕಳೆದುಕೊಳ್ಳಲಾರೆನೆಂದು ಯೋಚಿಸುತ್ತಿರಬಹುದೆಂಬುದು ಹೊಳೆಯದಿರುವುದು ಸಹಜವೇ.

ಲಂಡನ್ನಿನ ಬಂಗಾಳಿ ವೃದ್ಧರ ಜೀವನಕಥೆಗಳನ್ನು ಕೇಳಿ ಕೇಟಿ ಗಾರ್ಡ್ನರ್ ಎಂಬ ಮಾನವಶಾಸ್ತ್ರಜ್ಞೆಯು ೨೦೦೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದಾಳೆ. ಗಂಡಸರ ಕಥೆಗಳಲ್ಲಿ ದುಡಿದು ಮುರಿದ ದೇಹವು ಮುಂದೆ ನಿಂತರೆ, ಹೆಂಗಸರ ಕಥೆಗಳಲ್ಲಿ ರೋಗಿಯಾದ ಗಂಡನ ಶುಶ್ರೂಷೆಯು ಮುಂದೆ ನಿಲ್ಲುವುದು. ತನ್ನ ನೋವಿಗೆ ತಾನು ಕೊನೆಯ ಸ್ಥಾನವನ್ನು ಕೊಡುವುದು ಈ ಸ್ತ್ರೀಯರ ಬಹುಕಾಲದ ಅಭ್ಯಾಸ. ಹಿಂದೂಗಳಾದವರು ಅದನ್ನು ಕರ್ಮವೆಂದೂ, ಮುಸಲ್ಮಾನರಾದವರು ‘ಸಬರ್’ ಎಂದೂ ಕರೆದು ಸಹಿಸುವರು.

ಈ ಸಹನೆಗೆ ಇನ್ನೊಂದು ಮುಖವುಂಟು. ಅದನ್ನು ಮುಚ್ಚಿಡುವುದು ಚರಿತ್ರೆಗೆ ಒಪ್ಪುವುದಿಲ್ಲ. ಎಲ್ಲ ನೋವಿಗೂ ‘ವಾತ’ ಎಂಬ ಒಂದೇ ಹೆಸರನ್ನಿಟ್ಟುದರಿಂದ, ಮುಪ್ಪಿನ ಸವೆತವೂ ಕೀಲನ್ನೇ ತಿನ್ನುವ ರುಮ್ಯಾಟಾಯ್ಡ್ ರೋಗವೂ ಅವರ ಕಣ್ಣಿಗೆ ಒಂದೇ ಆದುವು. ಎರಡನೆಯದರಲ್ಲಿ ಮೊದಲ ಕೆಲವು ತಿಂಗಳುಗಳೇ ಅಮೂಲ್ಯವಾದುವು. ಆಗಲೇ ತಕ್ಕ ಔಷಧಕ್ಕೆ ತೊಡಗಿದರೆ ಬೆರಳುಗಳು ಸೊಟ್ಟಗಾಗುವುದನ್ನು ತಡೆಯಬಹುದು. ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಅಧ್ಯಯನಗಳು ಭರತಖಂಡದ ಮೂಲದ ರೋಗಿಗಳು ಇತರರಿಗಿಂತ ತಡವಾಗಿ ವೈದ್ಯರ ಬಳಿಗೆ ಹೋಗುವರೆಂದೂ, ಪಾಶ್ಚಾತ್ಯ ಔಷಧಗಳು ಉಷ್ಣವೆಂದೂ ಹಾನಿಕರವೆಂದೂ ಹೆಚ್ಚಾಗಿ ಶಂಕಿಸುವರೆಂದೂ ತೋರಿಸಿವೆ. ಊರಿನಿಂದ ತರಿಸುವ ಪುಡಿ ಗುಳಿಗೆಗಳೆಲ್ಲವೂ ನಿರಪಾಯವಲ್ಲ. ಅಮೆರಿಕದ ಬಾಸ್ಟನ್ ಪ್ರಾಂತದಲ್ಲಿ ಭರತಖಂಡದವರ ಅಂಗಡಿಗಳಿಂದ ಕೊಂಡು ಪರೀಕ್ಷಿಸಿದ ೭೦ ಔಷಧಗಳಲ್ಲಿ ೧೪ರಲ್ಲಿ ಸೀಸ, ಪಾದರಸ, ಪಾಷಾಣಗಳಲ್ಲಿ ಒಂದಾದರೂ ಇದ್ದಿತೆಂದು ೨೦೦೪ರಲ್ಲಿ ಪ್ರಕಟವಾಯಿತು. ಆದುದರಿಂದ ಅಜ್ಜಿಯ ಮಾತಿನಲ್ಲಿ ಸತ್ಯವಿದೆಯೆನ್ನುವುದು ಬೇರೆ, ಅಜ್ಜಿಯ ಮದ್ದೇ ಸಾಕೆನ್ನುವುದು ಬೇರೆ.

ಈ ಚರಿತ್ರೆಗೂ ಕನ್ನಡನಾಡಿಗೂ ಸಂಬಂಧವಿಲ್ಲದಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯಸಂಸ್ಥೆಯಲ್ಲಿ ವೃದ್ಧರ ಚಿಕಿತ್ಸೆಯೆಂಬ ಶಾಖೆಯನ್ನು ಅಲ್ಲಿಯ ವೈದ್ಯರು ಬಹುಕಾಲ ಕೀಳಾಗಿ ಕಾಣುತ್ತಿದ್ದರು. ಆ ಸ್ಥಾನಗಳನ್ನು ತುಂಬಿ ಶಾಖೆಯನ್ನು ಬೆಳೆಸಿದವರಲ್ಲಿ ಭರತಖಂಡದಿಂದ ಹೋದ ವೈದ್ಯರ ಪಾಲು ದೊಡ್ಡದು. ಕನ್ನಡನಾಡಿನ ಕಾಲೇಜುಗಳಲ್ಲಿ ಕಲಿತು ಆ ದೇಶದ ಸೇವೆಗೆ ಹೋದ ವೈದ್ಯರೂ ಅನೇಕರು. ಇಂದು ಮಕ್ಕಳ ಮನೆಗೆಂದು ಹೊರದೇಶಗಳಿಗೆ ಹೋಗಿ ತಿಂಗಳುಗಟ್ಟಲೆ ಇರುವ ಕನ್ನಡದ ತಾಯಂದಿರೂ ಕಡಿಮೆಯಿಲ್ಲ. ಬ್ರಿಟನ್ನಿನಲ್ಲಿ ೨೦೧೨ರ ಜುಲೈಯಿಂದ ಜಾರಿಗೆ ಬಂದ ನಿಯಮದಂತೆ, ಮುಪ್ಪಿನಿಂದಲೋ ರೋಗದಿಂದಲೋ ದಿನನಿತ್ಯದ ಕೆಲಸಗಳಿಗೆ ಇತರರ ನೆರವು ಬೇಕಾಗಿ, ಆ ನೆರವು ಸ್ವದೇಶದಲ್ಲಿ ದೊರೆಯದೆಂದು ಸಿದ್ಧಪಡಿಸಿದ ಹೊರತು ತಾಯಿಯು ಮಕ್ಕಳೊಡನೆ ಅಲ್ಲಿ ನೆಲೆಸುವಂತಿಲ್ಲ. ಮಗನ ಮನೆಯಲ್ಲಿರಲು ತಾಯಿಯು ತನ್ನ ನೋವನ್ನು ಸರಕಾರದ ಮುಂದೆ ಪ್ರಮಾಣಪಡಿಸಬೇಕಾದ ಸ್ಥಿತಿ ಇದು.

ಅಂತಹ ತಾಯಂದಿರ ಮನೆಯವರು ಈ ಚರಿತ್ರೆಯಿಂದ ಕಲಿಯಬಹುದಾದುದು ಕೆಲವುಂಟು. ನೋವು ಯಾವ ಕೀಲಿನಲ್ಲಿ, ಬೆಳಗಿನ ಬಿಗಿತವು ಅರ್ಧ ಗಂಟೆಗಿಂತ ಹೆಚ್ಚು ಕಾಲ ನಿಲ್ಲುವುದೇ, ಕೀಲು ಊದುವುದೇ, ಮೆಟ್ಟಲೇರುವಾಗ ನೋಯುವುದು ಮಂಡಿಯೋ ಅಥವಾ ತೊಡೆಯಲ್ಲಿ ಬಲವೇ ಇಲ್ಲವೋ ಎಂಬುದನ್ನು ತಾಯಿಯ ನುಡಿಯಲ್ಲಿಯೇ ಕೇಳಿ ವೈದ್ಯರಿಗೆ ತಿಳಿಸಿದರೆ, ‘ಮೈಯೆಲ್ಲ ನೋವು’ ಎಂಬ ಮಾತು ಬಿಡಿಸಿಕೊಂಡು ಅರ್ಥವಾಗುವುದು. ಬಿಸಿಲಿಲ್ಲದ ನಾಡಿನಲ್ಲಿ ವಿಟಮಿನ್ ಡಿಯ ವಿಷಯವನ್ನು ವೈದ್ಯರೊಡನೆ ಮೊದಲೇ ವಿಚಾರಿಸುವುದು ಲೇಸು. ೨೦೧೬ರಲ್ಲಿ ಬ್ರಿಟಿಷ್ ಆರೋಗ್ಯಾಧಿಕಾರಿಗಳು ಶರತ್ಕಾಲದಲ್ಲಿಯೂ ಚಳಿಗಾಲದಲ್ಲಿಯೂ ದೇಶದ ಸಮಸ್ತರೂ ದಿನಕ್ಕೆ ೧೦ ಮೈಕ್ರೋಗ್ರಾಂ ವಿಟಮಿನ್ ಡಿಯನ್ನು ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂದೂ, ಕಪ್ಪು ಚರ್ಮದವರೂ ಮೈಮುಚ್ಚಿಕೊಳ್ಳುವವರೂ ವರ್ಷಪೂರ್ತಿ ಹಾಗೆ ಮಾಡಬೇಕೆಂದೂ ಸೂಚಿಸಿದರು. ಮೂವತ್ತೈದು ವರ್ಷಗಳ ಹಿಂದೆ ಒಂದು ಜನಾಂಗದ ಅಡಿಗೆ ಉಡಿಗೆಗಳ ದೋಷವೆಂದು ಹೇಳಿದುದು ಆ ದೇಶದ ಆಕಾಶದ ಗುಣವೆಂದು ಹೀಗೆ ಒಪ್ಪಿತವಾಯಿತು. ಗ್ಲಾಸ್ಗೋವಿನ ಮಹಡಿಯ ಮೆಟ್ಟಲನ್ನು ಹಿಡಿದು ಹತ್ತುತ್ತ, ಈ ದೇಶದ ಚಳಿ ಮೂಳೆಗೆ ಹೊಕ್ಕಿದೆಯೆಂದು ಹೇಳಿದ ಸ್ತ್ರೀಯರಲ್ಲಿ ಎಷ್ಟೋ ಮಂದಿ ಆ ವೇಳೆಗೆ ಕಾಲವಾಗಿದ್ದರು.